ಕ್ಲೈಂಟ್ ಕೇಳೋದು ಹಾಡನ್ನ, ನಿಮ್ಮ ಸಾಫ್ಟ್‌ವೇರಿನ ಹೆಸರನ್ನಲ್ಲ

ನಿನ್ನೆ ಸಂಜೆಯಿಂದ ತಲೆ ಕಾದು ಕೂತಿದೆ. ಬರೆದರೆ ಸ್ವಲ್ಪ ತಣ್ಣಗಾಗಬಹುದು ಅಂತ ಬರೀತಿದ್ದೀನಿ.

ಒಂದು ಮಿಕ್ಸ್, ಅಂದ್ರೆ ದನಿ, ವಾದ್ಯ ಎಲ್ಲ ಹದವಾಗಿ ಬೆರೆಸಿದ್ದು, ಕೇಳೋಕೆ ಬನ್ನಿ ಅಂತ ಕರೆದಿದ್ರು, ಹೋಗಿದ್ದೆ. ಈಗಷ್ಟೇ ಕೆಲಸ ಶುರು ಮಾಡಿರೋ ಹುಡುಗಿ, 30 ಸೆಕೆಂಡಿನ ಜಾಹೀರಾತಿಗೆ ಸಂಗೀತ ಮಾಡ್ಕೊಂಡು ಬಂದಿದ್ದಳು. ಲ್ಯಾಪ್‌ಟಾಪ್ ತೆರೆದು ಪ್ಲೇ ಮಾಡಿದಳು. ದನಿ ಮುಂದೆ, ತಾಳ ಕೆಳಗೆ ಗಟ್ಟಿಯಾಗಿ, ಕೊಳಲು ಬಲಗಡೆ ಒಂದು ಹೆಜ್ಜೆ ಹಿಂದೆ. ಕೊನೇ ಮೂರು ಸೆಕೆಂಡಿನಲ್ಲಿ ಉತ್ಪನ್ನದ ಹೆಸರು ಬರುವಾಗ ಉಳಿದ ವಾದ್ಯಗಳೆಲ್ಲ ಸರಿದು ಜಾಗ ಬಿಡ್ತಿದ್ವು. ಯಾರೂ ಹೇಳಿಕೊಡದೆ ಅದು ಹೊಳೆದಿದೆ ಆ ಮಗುವಿಗೆ. ನನಗೆ ಖುಷಿಯಾಗಿ ಬಾಯಿ ತೆರೆಯೋ ಹೊತ್ತಿಗೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ಸ್ಕ್ರೀನ್ ಕಡೆ ಬಗ್ಗಿ ನೋಡಿದ್ರು. ಸಂಗೀತದ ಬಗ್ಗೆ ಒಂದೇ ಒಂದು ಮಾತಿಲ್ಲ. "ಏನಮ್ಮಾ, ಇದರಲ್ಲಿ ಕ್ಲೈಂಟ್ ಕೆಲಸ ಮಾಡ್ತೀಯಾ? ಇದೆಲ್ಲ ಕಲಿಯೋರಿಗೆ. ಪ್ರೊಫೆಷನಲ್ ಆಗ್ಬೇಕು ಅಂದ್ರೆ ಮೊದಲು ಸಾಫ್ಟ್‌ವೇರ್ ಬದಲಾಯಿಸು" ಅಂದ್ರು. ಅವಳು "ಸರಿ ಸರ್" ಅಂದು ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. ಇನ್ನೊಂದು ಟ್ರ್ಯಾಕ್ ಕೇಳಿಸೋದಿತ್ತು, ಕೇಳಿಸಲೇ ಇಲ್ಲ.

ಅವಳ ಸ್ಕ್ರೀನಿನ ಮೇಲಿದ್ದದ್ದು ರೀಪರ್, ಸಂಗೀತ ರೆಕಾರ್ಡ್ ಮಾಡಿ ಮಿಕ್ಸ್ ಮಾಡೋ ಒಂದು ಸಾಫ್ಟ್‌ವೇರ್. ಬೆಲೆ 60 ಡಾಲರ್. ಅಷ್ಟೇ ಅವಳು ಮಾಡಿದ ತಪ್ಪು.

ರೀಪರ್ ಮಾಡಿದವರು ಜಸ್ಟಿನ್ ಫ್ರಾಂಕಲ್. ನಾವೆಲ್ಲ ಒಂದು ಕಾಲದಲ್ಲಿ ಎಂಪಿ3 ಕೇಳ್ತಿದ್ದ ವಿನ್‌ಆಂಪ್ ಬರೆದದ್ದೂ ಅವರೇ. 60 ಡಾಲರಿಗೆ ಸಿಗೋದು ರೆಕ್ಕೆ ಕತ್ತರಿಸಿದ ಆವೃತ್ತಿ ಅಲ್ಲ. 225 ಡಾಲರ್ ಕೊಟ್ಟು ಕಮರ್ಷಿಯಲ್ ಲೈಸೆನ್ಸ್ ತಗೊಂಡವರಿಗೆ ಏನು ಸಿಗುತ್ತೋ ಅಕ್ಷರಶಃ ಅದೇ ಇವರಿಗೂ ಸಿಗುತ್ತೆ. ನಿಮ್ಮ ವರ್ಷದ ಒಟ್ಟು ವ್ಯವಹಾರ 20,000 ಡಾಲರ್ ದಾಟದಿದ್ದರೆ ಕಡಿಮೆ ಬೆಲೆಯ ಲೈಸೆನ್ಸ್ ಇಟ್ಟುಕೊಂಡೇ ಕ್ಲೈಂಟ್ ಕೆಲಸ ಮಾಡಬಹುದು, ಹಾಗಂತ ಅವರೇ ಬರೆದಿದ್ದಾರೆ. ಟ್ರ್ಯಾಕಿಗೆ (ಒಂದೊಂದು ದನಿ, ವಾದ್ಯ ಇಡೋ ಸಾಲಿಗೆ) ಮಿತಿ ಇಲ್ಲ, ಡಾಂಗಲ್ (ಲೈಸೆನ್ಸಿಗಾಗಿ ಸಿಕ್ಕಿಸಿಡಬೇಕಾದ ಯುಎಸ್‌ಬಿ ಕೀಲಿ) ಇಲ್ಲ. ಇದು "ಕಲಿಯೋರಿಗೆ" ಅನ್ನೋ ಮಾತು ಎಲ್ಲಿಂದ ಬಂತು?

"ಸೌಂಡ್ ಬೇರೆ ಇರುತ್ತೆ" ಅನ್ನೋರು ಬಹಳ ಜನ. ನಾನೂ ವರ್ಷಗಟ್ಟಲೆ ನಂಬಿದ್ದೆ. ಆಮೇಲೆ ಒಂದು ರಾತ್ರಿ ಕೂತು ನೋಡೇಬಿಟ್ಟೆ. ಅವೇ 14 ವೇವ್ ಫೈಲುಗಳು, ಒಮ್ಮೆ ದುಬಾರಿ ಸಾಫ್ಟ್‌ವೇರಿನಲ್ಲಿ, ಒಮ್ಮೆ ರೀಪರಿನಲ್ಲಿ. ಫೇಡರುಗಳು (ಸದ್ದು ಏರಿಸಿ ಇಳಿಸೋ ಗುಂಡಿಗಳು) ಒಂದೇ ಮಟ್ಟದಲ್ಲಿ, ಪ್ಲಗಿನ್ (ದನಿ ತಿದ್ದೋಕೆ ಜೋಡಿಸೋ ಪುಟ್ಟ ಸಾಫ್ಟ್‌ವೇರ್) ಯಾವುದೂ ಇಲ್ಲ. ಎರಡರಿಂದಲೂ ಮಿಕ್ಸ್ ತೆಗೆದು ಒಂದರ ಕೆಳಗೊಂದು ಇಟ್ಟು, ಒಂದರ ಪೋಲಾರಿಟಿ ತಿರುಗಿಸಿದೆ, ಅಂದ್ರೆ ಅದರ ಅಲೆಯನ್ನ ತಲೆಕೆಳಗು ಮಾಡಿದೆ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಪೂರ್ತಿ ಅಳಿಸಿಹಾಕಬೇಕು. ಪ್ಲೇ ಒತ್ತಿದರೆ ಸಣ್ಣಗೆ ಹಾಡುಗಾರ್ತಿಯ ದನಿ ಕೇಳಿಸ್ತು! ನೋಡಿದ್ರಾ, ವ್ಯತ್ಯಾಸ ಇದೆ ಅಂತ ಎದೆ ಧಸಕ್ಕೆಂದಿತು. ಆದರೆ ಪೂರ್ತಿ ಎಡಕ್ಕೋ ಬಲಕ್ಕೋ ಪ್ಯಾನ್ ಮಾಡಿದ್ದ (ಸರಿಸಿದ್ದ) ವಾದ್ಯಗಳು ಪೂರ್ತಿ ಮಾಯವಾಗಿದ್ವು, ನಡುವೆ ಇದ್ದವು ಮಾತ್ರ ಉಳಿದಿದ್ವು. ಕಾರಣ ಪ್ಯಾನ್ ಲಾ, ಅಂದ್ರೆ ನಡುವೆ ಇಟ್ಟ ದನಿಯನ್ನ ಎಷ್ಟು ತಗ್ಗಿಸಬೇಕು ಅನ್ನೋ ಸೆಟ್ಟಿಂಗು. ಒಂದರಲ್ಲಿ ನಡುವಿನ ಮೊನೊ ಟ್ರ್ಯಾಕು 3 ಡೆಸಿಬೆಲ್ ತಗ್ಗುತ್ತೆ, ಇನ್ನೊಂದರಲ್ಲಿ ತಗ್ಗಲ್ಲ. ಸೆಟ್ಟಿಂಗಿಗೆ ಹೋಗಿ ಎರಡನ್ನೂ ಒಂದೇ ಮಾಡಿ ಮತ್ತೆ ಪ್ಲೇ ಒತ್ತಿದೆ. ನಿಶ್ಶಬ್ದ. ವಾಲ್ಯೂಮ್ ಪೂರ್ತಿ ಏರಿಸಿದರೂ ನನ್ನ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮೀಟರಿನ ಗೆರೆ ಅಲುಗಲಿಲ್ಲ. "ಬೆಚ್ಚಗಿರುತ್ತೆ", "ತೆರೆದುಕೊಳ್ಳುತ್ತೆ" ಅಂತ ನಾನೇ ನಾಲ್ಕು ಜನರಿಗೆ ಹೇಳಿದ್ದ ಮಾತುಗಳೆಲ್ಲ ಆ ಒಂದು ಸೆಟ್ಟಿಂಗಿನಲ್ಲಿ ಕರಗಿಹೋದವು. ಆ ನಾಲ್ವರಲ್ಲಿ ಒಬ್ಬ ನನ್ನ ಮಾತು ಕೇಳಿ ಸಾಲ ಮಾಡಿ ಆ ದುಬಾರಿ ಸಾಫ್ಟ್‌ವೇರ್ ಕೊಂಡಿದ್ದ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತೆ. ನಿನ್ನೆ ಅಷ್ಟು ಸಿಟ್ಟು ಬರೋಕೆ ಅದೂ ಒಂದು ಕಾರಣ.

ಹಾಗಾದರೆ ಕ್ಲೈಂಟ್ ಕೆಲಸಕ್ಕೆ ಸಾಫ್ಟ್‌ವೇರ್ ಆರಿಸುವಾಗ ನೋಡಬೇಕಾದದ್ದೇನು? ನನ್ನ ಮಟ್ಟಿಗೆ ಮೊದಲನೇ ಪ್ರಶ್ನೆ: ಎರಡು ವರ್ಷ ಬಿಟ್ಟು ಈ ಪ್ರಾಜೆಕ್ಟ್ ತೆರೆಯುತ್ತಾ? ಇದನ್ನ ಪೆಟ್ಟು ತಿಂದು ಕಲಿತೆ. ಒಂದು ಕಂಪನಿಯ ಸಾಫ್ಟ್‌ವೇರನ್ನ ತಿಂಗಳ ಬಾಡಿಗೆಯ ಹಾಗೆ ದುಡ್ಡು ಕಟ್ಟಿ ಬಳಸ್ತಿದ್ದೆ. ಕೆಲಸ ಕಡಿಮೆ ಇದ್ದ ಒಂದು ಸೀಸನ್ನಿನಲ್ಲಿ ಕಟ್ಟೋದು ನಿಲ್ಲಿಸಿದೆ. 14 ತಿಂಗಳ ಹಿಂದಿನ ಜಿಂಗಲ್ಲಿನ ಕ್ಲೈಂಟ್ ಆಗಲೇ ಫೋನ್ ಮಾಡಬೇಕೇ? "ಒಂದೇ ಒಂದು ಪದ ಬದಲಾಯಿಸಬೇಕು, ನಾಳೆ ಬೆಳಿಗ್ಗೆ ಬೇಕು." ಫೈಲು ನನ್ನದೇ ಡಿಸ್ಕಿನಲ್ಲಿದೆ, ರಾಗ ನನ್ನದು, ರೆಕಾರ್ಡಿಂಗ್ ನನ್ನದು, ತೆರೆಯೋ ಹಾಗಿಲ್ಲ. ಮತ್ತೆ ದುಡ್ಡು ಕಟ್ಟೋಣ ಅಂದ್ರೆ ಅವತ್ತು ರಾತ್ರಿ ಕಾರ್ಡ್ ಬೇರೆ ಕೈಕೊಟ್ಟಿತು. ಉಳಿದಿದ್ದ ಸ್ಟೀರಿಯೊ ಮಿಕ್ಸಿನ ಮೇಲೇ ಪದವನ್ನ ಕತ್ತರಿಸಿ ಅಂಟಿಸಿ ಕಳಿಸಿದೆ. ಕೆಟ್ಟದಾಗಿತ್ತು. ಆ ಕ್ಲೈಂಟ್ ಮತ್ತೆ ಬರಲಿಲ್ಲ.

ಬಾಡಿಗೆ ಮನೆಯ ಬೀಗ ಯಾವತ್ತೂ ಮಾಲೀಕನ ಕೈಲೇ ಇರುತ್ತೆ. 2023ರ ಮಾರ್ಚಿನಲ್ಲಿ ವೇವ್ಸ್ ಕಂಪನಿ ಪ್ಲಗಿನ್‌ಗಳನ್ನ ಇನ್ನು ಮಾರಲ್ಲ, ಚಂದಾ ಮಾತ್ರ ಅಂತ ಘೋಷಿಸಿದ್ದು ನೆನಪಿದೆಯಾ? ಬಳಸೋರೆಲ್ಲ ತಿರುಗಿಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಮಾರಾಟ ಮತ್ತೆ ಶುರು ಮಾಡಿದರು. ತಿರುಗಿಬಿದ್ದದ್ದಕ್ಕೆ ಆಯಿತು. ರೀಪರಿನ ಪ್ರಾಜೆಕ್ಟ್ ಫೈಲಂತೂ ಬರೀ ಅಕ್ಷರ, ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದು. ಯಾವ ಟ್ರ್ಯಾಕಿನಲ್ಲಿ ಯಾವ ವೇವ್ ಫೈಲು, ಎಷ್ಟನೇ ಸೆಕೆಂಡಿನಿಂದ, ಎಲ್ಲ ಕಣ್ಣಿಗೆ ಕಾಣುತ್ತೆ. ಇದಕ್ಕಿಂತ ಧೈರ್ಯ ಬೇರೇನು ಬೇಕು.

ಎರಡನೇದು ಲೈಸೆನ್ಸಿನ ಸಣ್ಣ ಅಕ್ಷರ. ವಿದ್ಯಾರ್ಥಿ ರಿಯಾಯಿತಿಯಲ್ಲಿ ಕೊಂಡದ್ದರಲ್ಲಿ ದುಡ್ಡಿನ ಕೆಲಸ ಮಾಡಬಹುದಾ ಅಂತ ಓದಿ ನೋಡಿ, ಕೆಲವು ಕಡೆ ಮಾಡೋ ಹಾಗಿಲ್ಲ. ಉಚಿತ ಅಂದ ತಕ್ಷಣ ಮಿತಿಯನ್ನೂ ನೋಡಿ: ದೊಡ್ಡ ಸ್ಟುಡಿಯೊಗಳ ಪ್ರೊ ಟೂಲ್ಸ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಇಂಟ್ರೊದಲ್ಲಿ 8 ಆಡಿಯೊ ಟ್ರ್ಯಾಕು, ತಬಲಕ್ಕೆ ಎರಡು ಮೈಕ್ ಇಟ್ಟು ನಾಲ್ಕು ಕೋರಸ್ ದನಿ ಸೇರಿಸಿದರೆ ಆರು ಮುಗೀತು. ಎಫ್‌ಎಲ್ ಸ್ಟುಡಿಯೊ ಒಮ್ಮೆ ಕೊಂಡರೆ ಜೀವನಪೂರ್ತಿ ಅಪ್‌ಡೇಟ್ ಕೊಡುತ್ತೆ, ಅದು ದೊಡ್ಡ ಗುಣ. ಆದರೆ ಟ್ರಯಲ್‌ನಲ್ಲಿ ಉಳಿಸಿಟ್ಟ ಪ್ರಾಜೆಕ್ಟನ್ನ ಕೊಳ್ಳೋವರೆಗೂ ಮತ್ತೆ ತೆರೆಯಕ್ಕಾಗಲ್ಲ. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಕೈಲೇ ಇದೆ. ವೇವ್‌ಫಾರ್ಮ್ ಫ್ರೀಯಲ್ಲಿ ಟ್ರ್ಯಾಕ್ ಮಿತಿಯಿಲ್ಲ. ಮುಕ್ತ ತಂತ್ರಾಂಶವೇ ಬೇಕು ಅನ್ನೋರಿಗೆ ಆರ್ಡರ್ (Ardour) ಅನ್ನೋದಿದೆ. ಕ್ರ್ಯಾಕ್ (ಲೈಸೆನ್ಸಿನ ಬೀಗ ಒಡೆದ ಕಳ್ಳ ಪ್ರತಿ) ಮಾತ್ರ ಬೇಡ, ದಯವಿಟ್ಟು ಬೇಡ. ನಮ್ಮ ಹಾಡನ್ನ ಯಾರೋ ಕದ್ದರು ಅಂತ ಬೊಬ್ಬೆ ಹಾಕೋ ನಾವು ಇನ್ನೊಬ್ಬರು ಕೂತು ಬರೆದದ್ದನ್ನ ಕದ್ದು ಅದರಲ್ಲಿ ದುಡಿಯೋದು ನನ್ನಿಂದ ನೋಡಕ್ಕಾಗಲ್ಲ.

"ದೊಡ್ಡ ಸ್ಟುಡಿಯೊದವರು ಪ್ರೊ ಟೂಲ್ಸ್ ಸೆಶನ್ (ಪ್ರಾಜೆಕ್ಟ್ ಫೈಲು) ಬೇಕು ಅಂದ್ರೆ?" ಅಂತ ಅಲ್ಲೇ ಇನ್ನೊಬ್ಬರು ಕೇಳಿದ್ರು. ಸಿನಿಮಾದ ಪೋಸ್ಟ್ ಪ್ರೊಡಕ್ಷನ್‌ನಲ್ಲಿ ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಎಡಿಟ್ ಸಾಗಿಸೋ ಎಎಎಫ್ (AAF) ಫೈಲು ಓಡಾಡುತ್ತೆ, ರೀಪರ್ ಅದನ್ನ ನೇರವಾಗಿ ತೆರೆಯಲ್ಲ, ಒಪ್ಪಿದೆ. ಆ ಕೆಲಸ ಬಂದ ದಿನ ಆ ಕೆಲಸದ ದುಡ್ಡಿನಲ್ಲೇ ಕೊಂಡರಾಯಿತು. ಉಳಿದ ಕ್ಲೈಂಟ್‌ಗಳು, ನಾನು ಇಷ್ಟು ವರ್ಷದಲ್ಲಿ ಕಂಡವರು, ಕೇಳೋದು ಸ್ಟೆಮ್ಸ್, ಅಂದ್ರೆ ದನಿ, ತಾಳ, ವಾದ್ಯ ಹೀಗೆ ಬೇರೆ ಬೇರೆಯಾಗಿ ತೆಗೆದ ಆಡಿಯೊ ಫೈಲುಗಳು. ಎಲ್ಲ ಫೈಲೂ ಸೊನ್ನೆಯಿಂದಲೇ ಶುರುವಾಗಿ ಒಂದೇ ಉದ್ದ ಇರಲಿ, ವೀಡಿಯೊಗಾದರೆ 48 ಕಿಲೋಹರ್ಟ್ಸ್, 24 ಬಿಟ್, ಹೆಸರಿನಲ್ಲಿ ವಾದ್ಯ ಮತ್ತು ಟೆಂಪೊ. ಆಗ ಯಾವ ಊರಿನ ಯಾವ ಸಾಫ್ಟ್‌ವೇರಿಗೆ ಎಳೆದು ಹಾಕಿದರೂ ತಾಳ ತಪ್ಪಲ್ಲ. "ಆಡಿಯೊ 1", "ಆಡಿಯೊ 1 ಫೈನಲ್ ಹೊಸದು" ಅಂತ ದುಬಾರಿ ಸಾಫ್ಟ್‌ವೇರಿನಿಂದ ಬಂದ ಫೈಲುಗಳನ್ನ ಜೋಡಿಸ್ತಾ ಇಡೀ ಮಧ್ಯಾಹ್ನ ಕಳೆದಿದ್ದೀನಿ ನಾನು.

ಹೊರಗೆ ಬಂದ ಮೇಲೆ ಅವಳು ಮೆಲ್ಲಗೆ ಕೇಳಿದಳು, "ಅಣ್ಣ, ದುಬಾರಿ ಸಾಫ್ಟ್‌ವೇರನ್ನೇ ಕಂತಿನಲ್ಲಿ ತಗೊಂಡುಬಿಡ್ಲಾ?" ಬೇಡ ಅಂದೆ. ರೀಪರಿನ 60 ದಿನದ ಟ್ರಯಲ್‌ನಲ್ಲಿ ಅವಳಿಗಿನ್ನೂ 22 ದಿನ ಉಳಿದಿದೆ. ಗಡುವು ಮುಗಿದರೂ ಅದು ನಿಂತುಹೋಗಲ್ಲ, ಆದರೂ ಈ ಜಾಹೀರಾತಿನ ದುಡ್ಡು ಕೈಗೆ ಬಂದ ದಿನವೇ ಲೈಸೆನ್ಸ್ ಕಟ್ಟಿಬಿಡು, ಮಿಕ್ಕಿದ್ದರಲ್ಲಿ ಒಂದು ಒಳ್ಳೇ ಹೆಡ್‌ಫೋನ್ ನೋಡೋಣ ಅಂದೆ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ಒಳಗೆ ಕೇಳಿಸದೆ ಬಿಟ್ಟ ಎರಡನೇ ಟ್ರ್ಯಾಕ್ ಹಾಕು ಅಂದೆ. ಹಾಕಿದಳು. ಮೊದಲನೇದಕ್ಕಿಂತ ಚೆನ್ನಾಗಿತ್ತು.