ದ್ರಾಕ್ಷಿ ಹೇರಿದವನಿಗೆ ನಿದ್ದೆಯಿಲ್ಲ

ಲಾರಿ ಚಾಲಕನ ಆಯಾಸವು ಅವನ ದೇಹದಲ್ಲಿರುತ್ತದೆ ಎಂಬುದು ನಮ್ಮಂಥ ಸಾಮಾನ್ಯರ ತಿಳಿವಳಿಕೆ. ಅದು ಬೆನ್ನ ಹಿಂದಿನ ಟ್ರೇಲರ್‌ನಲ್ಲಿ ಹೇರಿದ ಸರಕಿನಲ್ಲಿರುತ್ತದೆ ಎಂದು ಕಂಡುಹಿಡಿದ ಕೀರ್ತಿ ಅಮೆರಿಕದ ಫೆಡರಲ್ ಸಾರಿಗೆ ನಿಯಮಗಳಿಗೆ ಸಲ್ಲಬೇಕು.

ಉಳಿದ ಸರಕಿನ ಮಟ್ಟಿಗೆ ಆ ನಿಯಮಗಳು ಬಹಳ ಬಿಗಿ. ಸತತ 10 ಗಂಟೆ ವಿಶ್ರಾಂತಿ ಪಡೆದು ಕೆಲಸಕ್ಕೆ ಬಂದ ಚಾಲಕನು ಮುಂದಿನ 14 ಗಂಟೆಗಳೊಳಗೆ ಹೆಚ್ಚೆಂದರೆ 11 ಗಂಟೆ ಗಾಡಿ ಓಡಿಸಬಹುದು. 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಕಡ್ಡಾಯ. 2017ರ ಡಿಸೆಂಬರ್‌ನಲ್ಲಿ ಕಡ್ಡಾಯವಾದ, ಎಂಜಿನ್‌ಗೆ ಜೋಡಿಸಿದ ಇಎಲ್‌ಡಿ (ಎಲೆಕ್ಟ್ರಾನಿಕ್ ಲಾಗಿಂಗ್ ಡಿವೈಸ್) ಎಂಬ ದಾಖಲೆ ಯಂತ್ರವು ಈ ಲೆಕ್ಕವನ್ನು ಚಿತ್ರಗುಪ್ತನಿಗಿಂತ ನಿಷ್ಠುರವಾಗಿ ಬರೆದಿಡುತ್ತದೆ.

ಆದರೆ ಅದೇ ಚಾಲಕನು ಬಿತ್ತನೆ ಅಥವಾ ಕೊಯ್ಲಿನ ಕಾಲದಲ್ಲಿ ಕೃಷಿ ಸರಕನ್ನು ಹೇರಿಕೊಂಡನೆಂದರೆ, ಸರಕು ಹೊರಟ ಸ್ಥಳದಿಂದ 150 ಏರ್ ಮೈಲಿ, ಅಂದರೆ ಸುಮಾರು 278 ಕಿಲೋಮೀಟರ್ ತ್ರಿಜ್ಯದ ವೃತ್ತದೊಳಗೆ ಈ ಗಂಟೆಗಳ ಮಿತಿ ಅವನಿಗೆ ತಗಲುವುದೇ ಇಲ್ಲ. 1995ರಲ್ಲಿ ಈ ವಿನಾಯಿತಿಯನ್ನು ಕಾನೂನಿಗೆ ಸೇರಿಸಿದಾಗ ತ್ರಿಜ್ಯವು 100 ಏರ್ ಮೈಲಿಯಾಗಿತ್ತು. 2012ರಲ್ಲಿ 150ಕ್ಕೆ ಏರಿತು. ನಡುವಿನ ಹದಿನೇಳು ವರ್ಷಗಳಲ್ಲಿ ಅಮೆರಿಕದ ಕಣ್ಣುರೆಪ್ಪೆಗಳು ಒಂದೂವರೆ ಪಟ್ಟು ಗಟ್ಟಿಯಾದವೆಂದು ನಾವು ಊಹಿಸಿಕೊಳ್ಳಬೇಕು. ದೂರವನ್ನು ಅಳೆಯುವುದು ಕಾಗೆ ಹಾರುವ ದಾರಿಯಲ್ಲಿ. ಬೆಟ್ಟ ಬಳಸಿ ಹೋಗುವ ರಸ್ತೆಯ ತಿರುವುಗಳು ಚಾಲಕನ ಸ್ವಂತ ಖಾತೆಗೆ. ಇದರ ನಿಜವಾದ ಸೊಗಸಿರುವುದು ಗಡಿಯಲ್ಲಿ. ವೃತ್ತದೊಳಗೆ ಕಳೆದ ಹೊತ್ತು 11 ಗಂಟೆಯ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ, ನಸುಕಿನಿಂದ ಹೊಲ ಮತ್ತು ಗೋದಾಮುಗಳ ನಡುವೆ ಆರು ಗಂಟೆ ಓಡಾಡಿ ಗೆರೆ ದಾಟಿದವನು ಕಾನೂನಿನ ಕಣ್ಣಿಗೆ ಆಗತಾನೇ ಎದ್ದು ಮುಖ ತೊಳೆದು ಬಂದವನಂತೆ ಕಾಣುತ್ತಾನೆ.

ಬಿತ್ತನೆ ಮತ್ತು ಕೊಯ್ಲಿನ ಕಾಲ ಯಾವುದೆಂದು ತೀರ್ಮಾನಿಸುವ ಅಧಿಕಾರ ಆಯಾ ರಾಜ್ಯದ್ದು. ಅನೇಕ ರಾಜ್ಯಗಳು ಆಳವಾಗಿ ಆಲೋಚಿಸಿ, ಅದು ಜನವರಿ 1ರಂದು ಆರಂಭವಾಗಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆಂದು ಘೋಷಿಸಿವೆ.

ಇನ್ನು ಕೃಷಿ ಸರಕು ಎಂದರೇನು? 2020ರ ಪರಿಷ್ಕೃತ ವ್ಯಾಖ್ಯೆಯ ಪ್ರಕಾರ, ತರಕಾರಿಯನ್ನು ತೊಳೆದರೂ, ತಣಿಸಿದರೂ, ಹೆಚ್ಚಿದರೂ, ಚೀಲಕ್ಕೆ ತುಂಬಿದರೂ ಅದು ಸಂಸ್ಕರಿಸದ ಆಹಾರವೇ. ಡಬ್ಬಿಗೆ ಹಾಕಿದರೆ, ಹೆಪ್ಪುಗಟ್ಟಿಸಿದರೆ ಅಥವಾ ಒಣಗಿಸಿದರೆ ಮಾತ್ರ ಜಾತಿ ಕೆಡುತ್ತದೆ. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸುತ್ತಲಿನ ತೋಟದಿಂದ ಹಸಿ ದ್ರಾಕ್ಷಿ ಹೇರಿಕೊಂಡು ಹೊರಟವನಿಗೆ ಆದ್ದರಿಂದ ಆಯಾಸವಿಲ್ಲ. ಅದೇ ದ್ರಾಕ್ಷಿಯು ಬಿಸಿಲಿನಲ್ಲಿ ಕೆಲವು ವಾರ ಮಲಗಿ ಒಣದ್ರಾಕ್ಷಿಯಾದ ಮೇಲೆ, ಅದೇ ರಸ್ತೆಯಲ್ಲಿ ಅದೇ ಲಾರಿಯಲ್ಲಿ ಸಾಗಿಸುವ ಅದೇ ಮನುಷ್ಯನಿಗೆ 11 ಗಂಟೆಗೆ ಸರಿಯಾಗಿ ಕಣ್ಣು ಎಳೆಯತೊಡಗುತ್ತದೆ. ಸಾಗಾಟದಲ್ಲಿ ಹಾಳಾಗುವ ಅಥವಾ ಗುಣಮಟ್ಟ ಕುಸಿಯುವ ಅಪಾಯವಿರುವ ಹೂವು, ಹುಲ್ಲುಹಾಸು, ಸಸಿ ಮತ್ತು ಕ್ರಿಸ್‌ಮಸ್ ಮರಗಳೂ ಪಟ್ಟಿಯಲ್ಲಿವೆ. ರಾತ್ರಿಯಿಡೀ ಸ್ಟೇರಿಂಗ್ ಹಿಡಿದು ಕೂತವನ ಗುಣಮಟ್ಟ ಕುಸಿಯುವ ವಿಷಯವು ಬಹುಶಃ ತೋಟಗಾರಿಕೆಯ ವ್ಯಾಪ್ತಿಗೆ ಬಾರದು.

ರೈತರ ಕಷ್ಟ ಸುಳ್ಳಲ್ಲ. ಬೇಸಿಗೆಯಲ್ಲಿ ದನ ತುಂಬಿದ ಟ್ರೇಲರನ್ನು ಹೆದ್ದಾರಿ ಪಕ್ಕದಲ್ಲಿ ಹತ್ತು ಗಂಟೆ ನಿಲ್ಲಿಸಿ ಮಲಗಲು ಆಗುವುದಿಲ್ಲ. ಬಾದಾಮಿ ತೋಟಗಳ ಪರಾಗಸ್ಪರ್ಶಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಒಯ್ಯುವ ಜೇನುಗೂಡುಗಳು ಲಾರಿ ನಿಂತರೆ ಗಾಳಿಯಾಡದೆ ಕಾವೇರುತ್ತವೆ. ಇದಕ್ಕೆ ಎರಡನೆಯ ಚಾಲಕನನ್ನು ಕೂರಿಸುವುದು ಒಂದು ಉಪಾಯ, ಆದರೆ ಅವನಿಗೆ ಸಂಬಳ ಕೊಡಬೇಕಾಗುತ್ತದೆ, ವಿನಾಯಿತಿಯಾದರೆ ಪುಕ್ಕಟೆ. ಹಾಗೆಂದು ಚಾಲಕನ ರಕ್ಷಣೆಯನ್ನು ಪೂರ್ತಿ ಮರೆತಿದ್ದಾರೆಂದು ದೂರುವುದು ಅನ್ಯಾಯ. ದಣಿದು ಎಚ್ಚರ ತಪ್ಪುವ ಸ್ಥಿತಿಯಲ್ಲಿರುವವನು ಗಾಡಿ ಓಡಿಸಕೂಡದು ಎಂಬ ಬೇರೊಂದು ನಿಯಮವು ವೃತ್ತದೊಳಗೂ ಜಾರಿಯಲ್ಲಿದೆ. ತಾನು ದಣಿದಿದ್ದೇನೆಯೇ ಎಂಬುದನ್ನು ನಡುರಾತ್ರಿಯಲ್ಲಿ ತೀರ್ಮಾನಿಸಬೇಕಾದವನು, ಬಹಳ ಕಡೆ ಓಡಿದ ಮೈಲಿಗಷ್ಟೇ ಕೂಲಿ ಪಡೆಯುವ ಚಾಲಕನೇ.

2021ರ ಮೂಲಸೌಕರ್ಯ ಕಾಯ್ದೆಯು ಜಾನುವಾರು ಸಾಗಿಸುವವರಿಗೆ ಎರಡನೆಯ ವೃತ್ತವನ್ನೂ ದಯಪಾಲಿಸಿತು. ಈಗ ಸರಕು ತಲುಪುವ ಜಾಗದ ಸುತ್ತಲೂ 150 ಏರ್ ಮೈಲಿ ವಿನಾಯಿತಿಯಿದೆ. ಹೊರಡುವ ಕೊಟ್ಟಿಗೆಗೂ ತಲುಪುವ ಕಸಾಯಿಖಾನೆಗೂ ನೇರ ದೂರ 550 ಕಿಲೋಮೀಟರ್ ಇದ್ದರೆ ಎರಡು ವೃತ್ತಗಳು ನಡುವೆ ಒಂದನ್ನೊಂದು ತಬ್ಬಿಕೊಳ್ಳುತ್ತವೆ. ದನಗಳನ್ನು ಇಳಿಸಿ ತೂಕದ ಚೀಟಿಗೆ ಸಹಿ ಹಾಕುವ ಹೊತ್ತಿಗೆ, ಆ ಚಾಲಕನು ಲೆಕ್ಕದ ಪ್ರಕಾರ ಒಂದು ನಿಮಿಷವೂ ಗಾಡಿ ಓಡಿಸಿರುವುದಿಲ್ಲ. ಅವನ 11 ಗಂಟೆಗಳು ಕಾಸೂ ಖರ್ಚಾಗದೆ ಹಾಗೆಯೇ ಉಳಿದಿರುತ್ತವೆ.