ಒಬ್ಬರು ಬೇಡ ಅಂದರೆ ಎಲ್ಲರೂ ವಾಪಸ್

ಅಮೆರಿಕದಲ್ಲಿರುವ ನಮ್ಮವರು ಆರ್‌ವಿ, ಅಂದರೆ ಅಡುಗೆಮನೆ, ಹಾಸಿಗೆ ಎಲ್ಲ ಇರುವ ಮನೆಯಂಥ ಗಾಡಿ, ಬಾಡಿಗೆಗೆ ಹಿಡಿದು ಯೂಟಾ ರಾಜ್ಯದ ಕಡೆ ಹೊರಡುವ ಮುಂಚೆ ಏನೇನು ನೋಡಬೇಕು ಅಂತ ಕೇಳುತ್ತಾರೆ. ಜಾಗಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಯಾರ ಜೊತೆ ಹೋಗುತ್ತಿದ್ದೀರಿ ಅಂತ ನಾನು ಮೊದಲು ಕೇಳುತ್ತೇನೆ. ಸ್ಲಾಟ್ ಕ್ಯಾನ್ಯನ್‌ಗೆ ಇಳಿಯುವ ಗುಂಪಿನಲ್ಲಿ ಯಾರಾದರೂ ಒಬ್ಬರು "ಇವತ್ತು ಬೇಡ" ಅಂದರೆ ಉಳಿದವರು ತುಟಿ ಪಿಟಕ್ ಅನ್ನದೆ ತಿರುಗಬೇಕು. ಇದಕ್ಕೆ ಒಪ್ಪದ ಗುಂಪಿನ ಜೊತೆ ನಾನಂತೂ ಹೋಗುವುದಿಲ್ಲ.

ಸ್ಲಾಟ್ ಕ್ಯಾನ್ಯನ್ ಅಂದರೆ ಮರಳುಗಲ್ಲನ್ನು ನೀರು ಕೊರೆದು ಮಾಡಿದ ಸಂದಿ. ಆಳ ಜಾಸ್ತಿ, ಅಗಲ ತೀರಾ ಕಡಿಮೆ. ಯೂಟಾದ ಎಸ್ಕಲಾಂಟೆ ಊರಿನ ಹತ್ತಿರ ಇರುವ ಸ್ಪೂಕಿ ಗಲ್ಚ್ ಅನ್ನುವ ಸಂದಿಯಲ್ಲಿ ಕೆಲವು ಕಡೆ ಒಂದಡಿಯೂ ಇಲ್ಲ. ಬೆನ್ನ ಮೇಲಿನ ಬ್ಯಾಗ್ ಇಳಿಸಿ ಕೈಯಲ್ಲಿ ಹಿಡಿಯಬೇಕು, ಮುಖ ಒಂದು ಕಡೆ ತಿರುಗಿಸಿ ಅಡ್ಡಡ್ಡ ಸರಿಯಬೇಕು. ಎದೆ ಒಂದು ಗೋಡೆಗೆ, ಬೆನ್ನು ಇನ್ನೊಂದು ಗೋಡೆಗೆ. ಕಲ್ಲು ಉಪ್ಪುಕಾಗದದ ಹಾಗೆ ಶರ್ಟನ್ನು ಉಜ್ಜುತ್ತದೆ. ಹೊಟ್ಟೆ ಇರುವವರನ್ನು ರೇಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಬಿಡಿ. ನಗು ಬಂದರೂ ಜೋರಾಗಿ ನಗುವಷ್ಟು ಉಸಿರು ಎಳೆದುಕೊಳ್ಳಲು ಜಾಗ ಇರುವುದಿಲ್ಲ.

ಇಂಥ ಸಂದಿಗಳಲ್ಲಿ ಒಮ್ಮೆ ತಲೆ ಎತ್ತಿ ನೋಡಿ. ಎಷ್ಟೋ ಕಡೆ ನಿಮ್ಮ ತಲೆಗಿಂತ ಎತ್ತರದಲ್ಲಿ ಮರದ ದಿಮ್ಮಿ ಎರಡು ಗೋಡೆಗಳ ಮಧ್ಯೆ ಸಿಕ್ಕಿಕೊಂಡಿರುತ್ತದೆ. ಅದನ್ನು ಅಲ್ಲಿಟ್ಟಿದ್ದು ನೀರು. ನೀರು ಅಷ್ಟೆತ್ತರ ಹರಿದಿತ್ತು ಅಂತ ಅರ್ಥ.

ಘಟ್ಟದ ಮೇಲೆ ಮಳೆಯಾದರೆ ಕೆಳಗೆ ಹೊಳೆ ಏರುತ್ತದೆ ಅಂತ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನಮ್ಮಲ್ಲಿ ಕಾಡು, ಮಣ್ಣು ಎಲ್ಲ ಸ್ವಲ್ಪ ನೀರು ಕುಡಿಯುತ್ತವೆ. ಇಲ್ಲಿ ಬರೀ ಬಂಡೆ, ಗಟ್ಟಿ ನೆಲ. ಬಿದ್ದ ಮಳೆಯಲ್ಲಿ ಬಹುಪಾಲು ಇಳಿಜಾರು ಹಿಡಿದು ಅದೇ ಸಂದಿಗೆ ನುಗ್ಗುತ್ತದೆ. 1997ರ ಆಗಸ್ಟ್ 12ರಂದು ಅರಿಜೋನಾದ ಲೋಯರ್ ಆಂಟೆಲೋಪ್ ಕ್ಯಾನ್ಯನ್‌ನಲ್ಲಿ 11 ಜನ ಪ್ರವಾಸಿಗರು ಸತ್ತರು. ಜೋರು ಮಳೆ ಬಿದ್ದಿದ್ದು ಆ ಜಾಗದಲ್ಲಿ ಅಲ್ಲ, ಮೈಲುಗಟ್ಟಲೆ ಮೇಲೆ. 2015ರ ಸೆಪ್ಟೆಂಬರ್‌ನಲ್ಲಿ ಜೈಯಾನ್ ಪಾರ್ಕಿನ ಕೀಹೋಲ್ ಕ್ಯಾನ್ಯನ್‌ಗೆ ಇಳಿದ 7 ಜನರ ಗುಂಪಿನಲ್ಲಿ ಒಬ್ಬರೂ ಉಳಿಯಲಿಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಾನ್ಸೂನ್ ಕಾಲ. ಹೌದು, ಅವರೂ ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಆ ತಿಂಗಳುಗಳಲ್ಲಿ ತಲೆಯ ಮೇಲಿನ ಆಕಾಶ ನೀಲಿಯಾಗಿದ್ದರೆ ಸಾಕಾಗುವುದಿಲ್ಲ, ನೀರು ಹರಿದುಬರುವ ದಿಕ್ಕಿನ ಮುನ್ಸೂಚನೆಯನ್ನೂ ನೋಡಬೇಕು. ಅದನ್ನು ಟಾರು ರಸ್ತೆ ಬಿಡುವ ಮುಂಚೆಯೇ ನೋಡಿಬಿಡಿ. ಆಮೇಲೆ ಫೋನ್‌ಗೆ ಸಿಗ್ನಲ್ ಸಿಗುವ ನಂಬಿಕೆ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಇಳಿಯುತ್ತಾರೆ? ನನಗನ್ನಿಸುವ ಹಾಗೆ ಅರ್ಧ ಕಾರಣ ಆರ್‌ವಿಯೇ. ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿರುತ್ತೇವೆ, ದುಡ್ಡು ಸುರಿದಿರುತ್ತೇವೆ, ಎಲ್ಲರ ರಜೆ ಹೊಂದಿಸಿರುತ್ತೇವೆ. ನೀರು ಉಳಿಸಲಿಕ್ಕೆ ಸಾಂಬಾರ್ ತಟ್ಟೆಯನ್ನು ಮೊದಲು ಟಿಶ್ಯೂನಲ್ಲಿ ಒರೆಸಿ ಆಮೇಲೆ ತೊಳೆಯುವಷ್ಟು ಕಷ್ಟಪಟ್ಟಿರುತ್ತೇವೆ. ಅಷ್ಟಾದ ಮೇಲೆ "ಇಷ್ಟು ದೂರ ಬಂದು ಸುಮ್ನೆ ವಾಪಸ್ ಹೋಗೋದಾ ಗುರು?" ಅನ್ನುವ ಮಾತು ಬಂದೇ ಬರುತ್ತದೆ. ಹೇಳಿದವನು ಕೆಟ್ಟವನೇನಲ್ಲ. ಆದರೆ ಆ ಮಾತು ಬಂದ ಮೇಲೆ ಬೇಡ ಅನ್ನಬೇಕೆಂದಿದ್ದವರು ಬಾಯಿ ಮುಚ್ಚಿಕೊಳ್ಳುತ್ತಾರೆ.

ನಮ್ಮ ಗುಂಪಿನಲ್ಲಿ ಒಮ್ಮೆ ಗೆಳೆಯನ ಹೆಂಡತಿ ಲಿಟಲ್ ವೈಲ್ಡ್ ಹಾರ್ಸ್ ಕ್ಯಾನ್ಯನ್‌ನ ಬಾಯಲ್ಲೇ ನಿಂತುಬಿಟ್ಟರು. "ಆ ಕಡೆ ಮೋಡ ನೋಡಿ. ನಾನು ಬರಲ್ಲ ಕಣ್ರೋ, ನೀವೂ ಹೋಗಬೇಡಿ." ಮೋಡ ಅಂಗೈಯಷ್ಟು. ಯಾರೂ ಚರ್ಚೆ ಮಾಡಲಿಲ್ಲ, ಗಾಡಿ ತಿರುಗಿಸಿದೆವು. ಆ ಮಧ್ಯಾಹ್ನ ಮಳೆ ಬಂತಾ? ಒಂದು ಹನಿಯೂ ಬರಲಿಲ್ಲ. ಅದಕ್ಕೇ ಈ ಪ್ರಸಂಗ ನನಗೆ ಇಷ್ಟ. ಮಳೆ ಬಂದಿದ್ದರೆ ಅವರನ್ನು ಹೊಗಳುವುದು ಸುಲಭ. ಬರದಿದ್ದಾಗಲೂ ರೇಗಿಸದೆ ಇರುವುದು ಕಷ್ಟ. ರೇಗಿಸಿದರೆ ಮುಂದಿನ ಸಲ ಅವರು ಬಾಯಿ ಬಿಡುತ್ತಾರಾ ಹೇಳಿ? ಹತ್ತಿರದ ಗಾಬ್ಲಿನ್ ವ್ಯಾಲಿಯಲ್ಲಿ ಅಣಬೆ ಆಕಾರದ ಬಂಡೆಗಳ ನಡುವೆ ಮಕ್ಕಳು ಸಂಜೆವರೆಗೂ ಕಣ್ಣಾಮುಚ್ಚಾಲೆ ಆಡಿದರು. ದಿನವೇನೂ ದಂಡವಾಗಲಿಲ್ಲ.

ಇನ್ನೊಂದು ವಿಷಯ. ಬಾಡಿಗೆ ಆರ್‌ವಿಯನ್ನು ಮಣ್ಣಿನ ರಸ್ತೆಗೆ ಇಳಿಸಬಾರದು ಅಂತ ಸಾಮಾನ್ಯವಾಗಿ ಕರಾರಿನಲ್ಲೇ ಇರುತ್ತದೆ. ಸ್ಪೂಕಿಗೆ ಹೋಗುವ ಹೋಲ್ ಇನ್ ದ ರಾಕ್ ರಸ್ತೆಯಲ್ಲಿ ಸುಮಾರು 42 ಕಿ.ಮೀ. ಉಬ್ಬುತಗ್ಗಿನ ಮೇಲೆ ಗಡಗಡ ಅಲ್ಲಾಡಿಕೊಂಡೇ ಹೋಗಬೇಕು. ಜೊತೆಗೆ ಎತ್ತರದ ಕಾರೊಂದು ಇರಲಿ.

ಗುಂಪಿನಲ್ಲಿ ಇಂಥ ಒಪ್ಪಂದ ಆಗುವುದೇ ಇಲ್ಲ ಅಂತಾದರೆ ಆಂಟೆಲೋಪ್‌ಗೆ ಹೋಗಿ. ಅದು ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನೆಲ, ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ನೂಕುನುಗ್ಗಲು ಇರುತ್ತದೆ, ದುಡ್ಡೂ ಜಾಸ್ತಿ. ಆದರೆ ಮೋಡ ಕಂಡಾಗ ಬೇಡ ಅನ್ನುವ ಕೆಲಸ ಅವರೇ ಮಾಡುತ್ತಾರೆ, ಅವರ ಹತ್ತಿರ "ಇಷ್ಟು ದೂರ ಬಂದು ವಾಪಸ್ ಹೋಗೋದಾ ಗುರು" ಅನ್ನುವ ಮಾತು ನಡೆಯುವುದಿಲ್ಲ.