ಆ ಬಂಡೆಯ ಮೇಲೆ ಕೆತ್ತದೆ ಬಿಟ್ಟವರು

ಹೋದ ವರ್ಷ ಅಟ್ಲಾಂಟಾದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಒಂದು ಭಾನುವಾರ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಎಲ್ಲರೂ ಸ್ಟೋನ್ ಮೌಂಟನ್‌ಗೆ ಹೊರಟೆವು. ಅದೊಂದು ದೊಡ್ಡ ಬೋಳು ಬಂಡೆ. ನೋಡಿದ ಕೂಡಲೇ ನಮ್ಮ ಮಧುಗಿರಿ ನೆನಪಾಯಿತು. ಬಂಡೆಯ ಮೈಮೇಲೆ ಕುದುರೆ ಏರಿದ ಮೂವರ ಕೆತ್ತನೆ ಇದೆ: ಜೆಫರ್ಸನ್ ಡೇವಿಸ್, ರಾಬರ್ಟ್ ಲೀ, ಸ್ಟೋನ್‌ವಾಲ್ ಜಾಕ್ಸನ್. ಅಮೆರಿಕದ ಅಂತರ್ಯುದ್ಧದಲ್ಲಿ ಒಕ್ಕೂಟ ಬಿಟ್ಟು ಹೋಗಿ ಉತ್ತರದ ವಿರುದ್ಧ ಕಾದಾಡಿದ ದಕ್ಷಿಣದ ರಾಜ್ಯಗಳ ಅಧ್ಯಕ್ಷ ಡೇವಿಸ್, ಉಳಿದಿಬ್ಬರು ಅವರ ಸೇನಾಪತಿಗಳು. ಮೂವರೂ ಟೋಪಿ ತೆಗೆದು ಎದೆಗೆ ಹಿಡಿದಿದ್ದಾರೆ.

"ಇವರು ಯಾರಪ್ಪಾ?" ಅಂತ ಅಕ್ಕನ ಮಗಳು ಕೇಳಿದಳು. ಅವಳಿಗೆ ಎಂಟು ವರ್ಷ.

"ತಮ್ಮ ರಾಜ್ಯಗಳ ಹಕ್ಕಿಗಾಗಿ ಹೋರಾಡಿದವರು ಪುಟ್ಟಿ" ಅಂದರು ಭಾವ.

ಭಾವ ಒಳ್ಳೆಯ ಮನುಷ್ಯರು. ಆ ಊರಲ್ಲಿ ಎಷ್ಟೋ ಜನ ಹೇಳುವ ಮಾತನ್ನೇ ಹೇಳಿದರು. ಆದರೆ ನನಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದರೆ ನಾನು ರಾಜ್ಯಗಳ ಹಕ್ಕಿನ ಪರ ಇರುವವನು. ನಮ್ಮ ತೆರಿಗೆ ಪಾಲು, ನಮ್ಮ ಭಾಷೆ ಅಂತ ಇಲ್ಲೇ ಎಷ್ಟು ಸಲ ಬರೆದಿದ್ದೇನೆ, ನಿಮಗೇ ಗೊತ್ತು. ಆ ಒಳ್ಳೆಯ ಮಾತನ್ನು ಇಂಥದ್ದಕ್ಕೆ ಹೊದಿಸಿದರೆ ಸುಮ್ನೆ ಇರೋಕಾಗಲ್ಲ.

ದಕ್ಷಿಣದ ಆ ರಾಜ್ಯಗಳು ಒಕ್ಕೂಟ ಬಿಟ್ಟು ಹೊರಟಾಗ ಯಾಕೆ ಹೊರಟೆವು ಅಂತ ಕೆಲವು ತಾವೇ ಬರೆದಿಟ್ಟಿವೆ. ಯಾರೂ ಊಹೆ ಮಾಡಬೇಕಾಗಿಲ್ಲ. 1861ರ ಜನವರಿಯಲ್ಲಿ ಮಿಸಿಸಿಪ್ಪಿ ಹೊರಡಿಸಿದ ಹೇಳಿಕೆಯ ಶುರುವಿನಲ್ಲೇ ಇದೆ: ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ, ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಆರ್ಥಿಕ ಹಿತ ಇನ್ನೊಂದಿಲ್ಲ ಅಂತ. ಎಲ್ಲರಿಗಿಂತ ಮೊದಲು, 1860ರ ಡಿಸೆಂಬರ್ 20ಕ್ಕೆ, ಹೊರಬಿದ್ದದ್ದು ಸೌತ್ ಕ್ಯಾರೊಲಿನಾ. ಅದರ ದೂರುಗಳನ್ನು ಓದಿ. ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದು ವಾಪಸ್ ಕೊಡುತ್ತಿಲ್ಲವಂತೆ. ಗುಲಾಮರನ್ನು ಕರೆದುಕೊಂಡು ತಮ್ಮ ನೆಲ ದಾಟುವುದಕ್ಕೂ ನ್ಯೂಯಾರ್ಕ್‌ನವರು ಬಿಡುತ್ತಿಲ್ಲವಂತೆ. ಅಂದರೆ ನ್ಯೂಯಾರ್ಕ್ ತನ್ನ ನೆಲದಲ್ಲಿ ತನ್ನ ಕಾನೂನು ನಡೆಸಿದ್ದೇ ತಪ್ಪಾಯಿತು! ರಾಜ್ಯದ ಹಕ್ಕು ಅಂದರೆ ಅದೇ ಅಲ್ವಾ?

ತಮ್ಮದೇ ಹೊಸ ದೇಶಕ್ಕೆ ಸಂವಿಧಾನ ಬರೆದುಕೊಂಡಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನು ಮಾಡದಂತೆ ತಮ್ಮ ಸಂಸತ್ತಿನ ಕೈ ಕಟ್ಟಿದರು. ಒಡೆಯ ತನ್ನ ಗುಲಾಮರ ಜೊತೆ ಯಾವ ರಾಜ್ಯಕ್ಕೆ ಬೇಕಾದರೂ ಹೋಗಬಹುದು ಅಂತ ಬರೆದರು. ಬೇಡ ಅನ್ನುವ ಹಕ್ಕು ಯಾವ ರಾಜ್ಯಕ್ಕೂ ಉಳಿಯಲಿಲ್ಲ.

ಅಕ್ಕ ಇರುವ ಜಾರ್ಜಿಯಾದವನೇ ಅವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್. 1861ರ ಮಾರ್ಚ್‌ನಲ್ಲಿ ಸವಾನಾ ಊರಿನಲ್ಲಿ ತುಂಬಿದ ಸಭೆಯ ಮುಂದೆ ಭಾಷಣ ಮಾಡಿದ. ಕರಿಯ ಬಿಳಿಯನಿಗೆ ಸಮನಲ್ಲ, ನಮ್ಮ ಸರ್ಕಾರದ ಮೂಲೆಗಲ್ಲು ಆ ಸತ್ಯದ ಮೇಲೆ ನಿಂತಿದೆ ಅಂದ. ಸೋತ ಮೇಲೆ ಇದೇ ಮನುಷ್ಯ ಎರಡು ದಪ್ಪ ಸಂಪುಟ ಬರೆದು, ಜಗಳ ಇದ್ದದ್ದು ಸಂವಿಧಾನದ ತತ್ವಗಳ ಬಗ್ಗೆ ಅಂತ ವಾದಿಸಿದ. ಭಾವನ ಬಾಯಿಗೆ ಬಂದದ್ದು ಆ ಎರಡನೇ ಮಾತು.

ಭಾವ ನನ್ನ ಬಾಯಿ ಮುಚ್ಚಿಸಲು ಇನ್ನೊಂದು ಮಾತು ತೆಗೆದರು. "ಲಿಂಕನ್ ಏನು ಗುಲಾಮರನ್ನು ಬಿಡಿಸೋಕೆ ಯುದ್ಧಕ್ಕೆ ಇಳಿದನಾ?" ಅಂತ. ಅದು ನಿಜವೇ. ಮೊದಲಿಗೆ ಅವನಿಗೆ ಬೇಕಿದ್ದದ್ದು ಒಕ್ಕೂಟ ಉಳಿಯುವುದು. ಗುಲಾಮಗಿರಿ ಇದ್ದ ಕಡೆ ಮುಟ್ಟುವುದಿಲ್ಲ, ಹೊಸ ನೆಲಕ್ಕೆ ಹಬ್ಬಲು ಮಾತ್ರ ಬಿಡುವುದಿಲ್ಲ ಅಂದಿದ್ದ. ಅಷ್ಟಕ್ಕೇ ಏಳು ರಾಜ್ಯಗಳು ಎದ್ದು ಹೋದವು ಅನ್ನುವುದೇ ಎಲ್ಲವನ್ನೂ ಹೇಳುತ್ತದೆ.

ಗುಲಾಮರಿಂದ ಬೆಳೆಸುವ ಹತ್ತಿಯಲ್ಲಿ ದುಡ್ಡು ಅಷ್ಟಿತ್ತು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯ ಮುಕ್ಕಾಲು ಪಾಲು ಅಲ್ಲಿಂದಲೇ ಹೋಗುತ್ತಿತ್ತು. ಯುದ್ಧ ಶುರುವಾಗಿ ಉತ್ತರದ ಹಡಗುಗಳು ದಕ್ಷಿಣದ ಬಂದರುಗಳಿಗೆ ಅಡ್ಡ ನಿಂತಾಗ ನಮ್ಮ ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂತು. ಅಲ್ಲಿ ಆಗಲೇ 'ಧಾರವಾಡ-ಅಮೆರಿಕನ್' ಅನ್ನುವ ತಳಿ ಬೆಳೆಯುತ್ತಿದ್ದರು. 1840ರ ದಶಕದಲ್ಲಿ ತರಿಸಿ ಬಿತ್ತಿದ್ದ ನ್ಯೂ ಆರ್ಲಿಯನ್ಸ್ ಬೀಜದ್ದು ಅದು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ದಬಕ್ಕನೆ ಬಿತ್ತು.

ಆದರೆ ಆ ಬಂಡೆ ನೋಡುವಾಗ ನನ್ನ ತಲೆಯಲ್ಲಿ ತುಂಬಿದ್ದವನು ಬೇರೆಯವನು. 1860ರ ಗಣತಿಯಲ್ಲಿ ಗುಲಾಮರು 39 ಲಕ್ಷಕ್ಕೂ ಜಾಸ್ತಿ ಇದ್ದರು. ಅವರಲ್ಲೊಬ್ಬ ರಾಬರ್ಟ್ ಸ್ಮಾಲ್ಸ್. ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಬಂದರಿನಲ್ಲಿ ದಕ್ಷಿಣದ ಸೇನೆಯ 'ಪ್ಲಾಂಟರ್' ಅನ್ನುವ ಹಡಗು ನಡೆಸುತ್ತಿದ್ದ. ವಯಸ್ಸು 23. 1862ರ ಮೇ 13, ಇನ್ನೂ ಬೆಳಗಾಗಿಲ್ಲ. ಬಿಳಿಯ ಅಧಿಕಾರಿಗಳು ಮಲಗಲು ದಡಕ್ಕೆ ಹೋಗಿದ್ದಾರೆ. ಸ್ಮಾಲ್ಸ್ ಕ್ಯಾಪ್ಟನ್ನನ ಹುಲ್ಲಿನ ಟೋಪಿ ತಲೆಗೆ ಹಾಕಿಕೊಂಡ. ಇನ್ನೊಂದು ಕಟ್ಟೆಯ ಬಳಿ ಕಾದಿದ್ದ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡ. ಕೋಟೆಗಳ ಕೆಳಗೇ ಹಾಯಬೇಕು, ಮೇಲೆ ತೋಪುಗಳು. ಸಮ್ಟರ್ ಕೋಟೆಯ ಎದುರು ಕ್ಯಾಪ್ಟನ್ ನಿಲ್ಲುವ ಭಂಗಿಯಲ್ಲೇ ನಿಂತು, ಸರಿಯಾದ ಸಂಕೇತಕ್ಕೆ ಸೀಟಿ ಊದಿಸಿದ. ಕಾವಲಿನವರು ಬಿಟ್ಟರು. ತೋಪಿನ ಗುರಿ ದಾಟಿದ ಮೇಲೆ ಬಾವುಟ ಇಳಿಸಿ, ಹಾಸಿಗೆಯ ಬಿಳಿ ಬಟ್ಟೆ ಏರಿಸಿ, ಉತ್ತರದ ಯುದ್ಧನೌಕೆಯ ಕಡೆ ನಡೆಸಿದ. ಹಡಗಿನಲ್ಲಿ ಒಟ್ಟು ಹದಿನಾರು ಜನ. ಸಿಕ್ಕಿಬಿದ್ದಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ.

ಆ ಟೋಪಿಯನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಲಿಂಕನ್ನನ ವಿಮೋಚನಾ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. ಅದಕ್ಕೂ ಏಳು ತಿಂಗಳು ಮುಂಚೆ ಇವನು ತನ್ನವರನ್ನು ತಾನೇ ಬಿಡಿಸಿಕೊಂಡಿದ್ದ. ಆಮೇಲೆ ಸುಮಾರು 1,80,000 ಕರಿಯರು ಉತ್ತರದ ಸೇನೆ ಸೇರಿದರು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್, ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಕಡಿತ. ಕೆಲವು ದಳದವರು ಆ ಸಂಬಳವನ್ನೇ ಮುಟ್ಟದೆ ಕಾದಾಡಿದರು. ಸಮಾನ ಸಂಬಳದ ಕಾನೂನು ಬಂದದ್ದು 1864ರಲ್ಲಿ.

ಸ್ಟೋನ್ ಮೌಂಟನ್ ಕೆತ್ತನೆ ಮುಗಿದದ್ದು 1972ರಲ್ಲಿ. ಯುದ್ಧ ಮುಗಿದು ನೂರು ವರ್ಷ ದಾಟಿತ್ತು. ಅಷ್ಟು ದೊಡ್ಡ ಕಲ್ಲಿನ ಮೇಲೆ ಇವರಲ್ಲಿ ಒಬ್ಬರಿಗೂ ಜಾಗ ಇಲ್ಲ.

ಭಾವನ ಜೊತೆ ಆವತ್ತು ಜಗಳ ಆಡಲಿಲ್ಲ. ಮಗು ಎದುರಿಗಿತ್ತು. ಊರಿಗೆ ಬಂದ ಮೇಲೆ ಒಂದು ಮೆಸೇಜ್ ಹಾಕಿದೆ: "ಭಾವ, ಮುಂದಿನ ರಜೆಗೆ ಪುಟ್ಟೀನ ಬ್ಯೂಫರ್ಟ್ ಊರಿಗೆ ಕರ್ಕೊಂಡು ಹೋಗಿ. ಸೌತ್ ಕ್ಯಾರೊಲಿನಾದಲ್ಲಿದೆ, ಕಾರಲ್ಲೇ ಹೋಗಬಹುದು. ಸ್ಮಾಲ್ಸ್ ಅಂತ ಒಬ್ಬ. ಅವನೂ ಅವನ ಅಮ್ಮನೂ ಗುಲಾಮರಾಗಿ ದುಡಿದ ಒಡೆಯನ ಮನೆಯನ್ನು ಆಮೇಲೆ ಅವನೇ ಕೊಂಡುಕೊಂಡ. ಸಂಸತ್ತಿಗೂ ಆರಿಸಿ ಹೋದ. ಆ ಮನೆ ಇನ್ನೂ ಇದೆ. ಪುಟ್ಟಿ ಇವನು ಯಾರು ಅಂತ ಕೇಳೇ ಕೇಳ್ತಾಳೆ."